ಪಿಯಾನೊ ನುಡಿಸಿದರೆ ಕೈ ನೋಯುತ್ತಿದೆ, ಅಭ್ಯಾಸ ಮುಂದುವರಿಸಲೇ?

ಪ್ರಶ್ನೆ: ನಮ್ಮ ಊರು ಧಾರವಾಡ. ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಚಿಕ್ಕಂದಿನಲ್ಲಿ ಹಾರ್ಮೋನಿಯಂ ಕಲಿತಿದ್ದೆ. ಮೂವತ್ತು ದಾಟಿದ ಮೇಲೆ ಪಿಯಾನೊ ಕಲಿಯುವ ಆಸೆ ಈಡೇರಿದೆ; ಡಿಜಿಟಲ್ ಪಿಯಾನೊ ಕೊಂಡು ಗ್ರೇಡ್ ಪರೀಕ್ಷೆಗೆ ತಯಾರಿ ನಡೆಸಿದ್ದೇನೆ. ಆದರೆ ಅರ್ಧ ಗಂಟೆ ನುಡಿಸುವಷ್ಟರಲ್ಲಿ ಬಲಗೈಯ ಮುಂಗೈ ಬಿಗಿದುಕೊಳ್ಳುತ್ತದೆ, ಹೆಬ್ಬೆರಳಿನ ಬುಡ ನೋಯುತ್ತದೆ. ಬೆರಳಿಗೆ ಬಲ ಬಂದರೆ ನೋವು ತಾನಾಗಿ ಹೋಗುತ್ತದೆ ಎನ್ನುತ್ತಾರೆ. ನೋವು ನುಂಗಿಕೊಂಡು ಅಭ್ಯಾಸ ಮಾಡಲೇ, ಬಿಟ್ಟುಬಿಡಲೇ?

ಉತ್ತರ: ಎರಡೂ ಬೇಡ. ನೋವು ನುಂಗಿಕೊಂಡು ನುಡಿಸುವುದನ್ನು ಇವತ್ತೇ ನಿಲ್ಲಿಸಿ, ಪಿಯಾನೊವನ್ನು ಬಿಡಬೇಡಿ. ನಾನು ಮುಂಬೈನ ಮಾಟುಂಗದಲ್ಲಿ ಪಿಯಾನೊ ಕಲಿಸುವವಳು, ವೈದ್ಯಳಲ್ಲ. ಆದರೆ ಇದೇ ದೂರನ್ನು ಹೇಳಿಕೊಂಡು ಬರುವ ವಿದ್ಯಾರ್ಥಿಗಳನ್ನು ಬಹಳ ಕಾಲದಿಂದ ನೋಡುತ್ತಿದ್ದೇನೆ. ಅವರಲ್ಲಿ ಹೆಚ್ಚಿನವರಿಗೆ ಬಲದ ಕೊರತೆ ಇರುವುದಿಲ್ಲ. ಬೇಕಾದುದಕ್ಕಿಂತ ಹೆಚ್ಚು ಬಲ ಹಾಕುತ್ತಿರುತ್ತಾರೆ, ಹಾಕಿದ ಬಲವನ್ನು ಸಡಿಲಿಸುವುದನ್ನು ಮರೆತಿರುತ್ತಾರೆ.

ಪಿಯಾನೊದ ಒಂದು ಕೀ ಕೆಳಗಿಳಿಯಲು ಸುಮಾರು 50 ಗ್ರಾಂ ತೂಕ ಸಾಕು. ಅದು ಇಳಿಯುವ ಆಳ ಸುಮಾರು 10 ಮಿಲಿಮೀಟರ್. ಕೀ ತಳ ಮುಟ್ಟುವ ತುಸು ಮೊದಲೇ ಒಳಗಿನ ಸುತ್ತಿಗೆ ಕೈಬಿಟ್ಟು ಹೋಗಿ ತಂತಿಗೆ ಬಡಿದು ಹಿಂದೆ ಸರಿಯುತ್ತದೆ. ತಂತಿಗಳಿರುವ ಅಕೌಸ್ಟಿಕ್ ಪಿಯಾನೊ ಎಲ್ಲಿಯಾದರೂ ಸಿಕ್ಕಿದರೆ ಒಂದು ಕೀಯನ್ನು ಸದ್ದಾಗದಷ್ಟು ನಿಧಾನವಾಗಿ ಒತ್ತಿ ನೋಡಿ. ತಳ ಇನ್ನೇನು ಬಂತು ಎನ್ನುವಾಗ ಬೆರಳಿಗೆ ಸಣ್ಣದೊಂದು ತಡೆ ಸಿಗುತ್ತದೆ. ಸುತ್ತಿಗೆ ಬಿಡುಗಡೆಯಾಗುವ ಜಾಗ ಅದು. ಅದನ್ನು ದಾಟಿದ ಮೇಲೆ ನೀವು ಎಷ್ಟೇ ಒತ್ತಿದರೂ ನಾದಕ್ಕೆ ಏನೂ ಸೇರುವುದಿಲ್ಲ. ಆ ಒತ್ತಡವೆಲ್ಲ ಮರದ ಹಲಗೆಯ ಮೇಲೆ ಬಿದ್ದು ನಿಮ್ಮ ಕೈಗೇ ಮರಳುತ್ತದೆ. ನಿಮ್ಮ ಡಿಜಿಟಲ್ ಪಿಯಾನೊದಲ್ಲಿ ಸುತ್ತಿಗೆ ತಂತಿಗಳಿಲ್ಲ, ಆದರೂ ಅಲ್ಲಿಯೂ ಸದ್ದಿನ ಗಾತ್ರವನ್ನು ನಿರ್ಧರಿಸುವುದು ಕೀ ಇಳಿದ ವೇಗ.

ನೀವು ಹಾರ್ಮೋನಿಯಂನಿಂದ ಬಂದವರು ಎಂಬುದು ಇಲ್ಲಿ ಮುಖ್ಯ. ಹಾರ್ಮೋನಿಯಂನಲ್ಲಿ ಸ್ವರ ನಿಲ್ಲಬೇಕಾದಷ್ಟು ಹೊತ್ತು ಕೀಯನ್ನು ಅದುಮಿ ಹಿಡಿಯುತ್ತೇವೆ. ಏರಿಳಿತ ಎಡಗೈಯ ತಿದಿಯಿಂದ ಬರುತ್ತದೆ, ಕೀ ಹಗುರವಾಗಿರುತ್ತದೆ. ಅದೇ ಹಿಡಿತವನ್ನು ಭಾರದ ಕೀಗಳಿರುವ ಪಿಯಾನೊಗೆ ತಂದಾಗ, ಏರು ದನಿ ಬೇಕೆನಿಸಿದಲ್ಲೆಲ್ಲ ಬೆರಳು ಒತ್ತುತ್ತದೆ, ಒತ್ತಿಕೊಂಡೇ ಇರುತ್ತದೆ. ಪಿಯಾನೊದಲ್ಲಿ ಸ್ವರ ಹುಟ್ಟಿದ ಮೇಲೆ ಅದನ್ನು ಉಳಿಸಿಕೊಳ್ಳಲು ಬೆರಳು ಕೀಯ ಮೇಲೆ ಕುಳಿತಿದ್ದರೆ ಸಾಕು.

ಒಂದು ಪರೀಕ್ಷೆ ಮಾಡಿ. ಬಲಗೈಯ ನಡುಬೆರಳಿನಿಂದ ಒಂದು ಸ್ವರ ನುಡಿಸಿ, ಬಿಡದೆ ಹಿಡಿದುಕೊಳ್ಳಿ. ಎಡಗೈಯಿಂದ ಬಲ ಮುಂಗೈಯನ್ನು ಮೊಣಕೈಯ ಹತ್ತಿರ ಮುಟ್ಟಿ ನೋಡಿ. ಸ್ನಾಯು ಕಲ್ಲಿನಂತಿದೆಯೇ, ಮೆತ್ತಗಿದೆಯೇ? ಗಟ್ಟಿಯಾಗಿದ್ದರೆ ಕೀ ಮೇಲೇಳದಂತೆ ನೋಡಿಕೊಂಡೇ ಅದು ಮೆತ್ತಗಾಗುವವರೆಗೆ ಸಡಿಲಿಸುತ್ತಾ ಬನ್ನಿ. ಹೆಗಲೂ ಇಳಿಯಲಿ, ದವಡೆಯೂ ಸಡಿಲವಾಗಲಿ. ನಂತರ ಮುಂದಿನ ಸ್ವರ. ಐದು ಬೆರಳಿಗೆ ಐದು ಸ್ವರ, ಪ್ರತಿಯೊಂದರ ನಂತರ ಇದೇ ಸಡಿಲಿಕೆ. ಬೇಸರ ಹಿಡಿಸುವಷ್ಟು ನಿಧಾನದ ಕೆಲಸ, ಆದರೆ ಇದಕ್ಕಿಂತ ಉಪಯುಕ್ತವಾದ ಇನ್ನೊಂದು ಅಭ್ಯಾಸ ನನಗೆ ಗೊತ್ತಿಲ್ಲ.

ಮುಂಗೈ ನೋಯುವುದೇಕೆಂದರೆ, ಬೆರಳುಗಳ ಒಳಗೆ ಅವನ್ನು ಮಡಚುವ ಸ್ನಾಯುಗಳೇ ಇಲ್ಲ. ಮಡಚುವ, ಎತ್ತುವ ದೊಡ್ಡ ಸ್ನಾಯುಗಳು ಮುಂಗೈಯಲ್ಲಿವೆ, ಸಣ್ಣವು ಅಂಗೈಯಲ್ಲಿ. ಮುಂಗೈಯಿಂದ ಹೊರಟ ಸ್ನಾಯುರಜ್ಜುಗಳು ಮಣಿಕಟ್ಟನ್ನು ದಾಟಿ ಬೆರಳಿಗೆ ಬರುತ್ತವೆ. ಮಣಿಕಟ್ಟಿನ ಅಂಗೈ ಬದಿಯ ಇಕ್ಕಟ್ಟಾದ ದಾರಿಯೊಂದರಲ್ಲೇ ಒಂಬತ್ತು ರಜ್ಜುಗಳೂ ಒಂದು ನರವೂ ಹಾದುಹೋಗುತ್ತವೆ. ಮಣಿಕಟ್ಟು ನೇರವಾಗಿದ್ದರೆ ರಜ್ಜುಗಳು ಸಲೀಸಾಗಿ ಜಾರುತ್ತವೆ. ಅದು ಕೆಳಗೆ ಕುಸಿದಿದ್ದರೆ ಅಥವಾ ಪಕ್ಕಕ್ಕೆ ವಾಲಿದ್ದರೆ, ರಾಟೆಯಿಂದ ತಪ್ಪಿ ಬಾವಿಯ ಕಟ್ಟೆಗೆ ಉಜ್ಜುವ ಹಗ್ಗದಂತೆ ಪ್ರತಿ ಎಳೆತಕ್ಕೂ ತಿಕ್ಕುತ್ತವೆ. ಹಾಗಾಗಿ ಬೆರಳಿಗೆ ಬಲ ಬರಲಿ ಎಂದು ಸ್ಪ್ರಿಂಗ್ ಹಿಡಿ ಅದುಮುವುದು, ರಬ್ಬರ್ ಚೆಂಡು ಹಿಸುಕುವುದು ನಿಮ್ಮ ಈಗಿನ ಸ್ಥಿತಿಯಲ್ಲಿ ಖಂಡಿತ ಬೇಡ. ಮೊದಲೇ ದಣಿದ ಸ್ನಾಯುವಿಗೆ ಅದು ಇನ್ನಷ್ಟು ದುಡಿಮೆ.

ಹೆಬ್ಬೆರಳಿನ ಬುಡದ ನೋವನ್ನು ಬೇರೆಯಾಗಿ ನೋಡಬೇಕು. ಮೊಣಕೈಗಳನ್ನು ಪಕ್ಕೆಗೆ ಅಂಟಿಸಿಕೊಂಡು ಎದೆಯ ಮುಂದಿನ ಕೀಗಳನ್ನು ನುಡಿಸಿದಾಗ ಅಂಗೈ ಹೊರಕ್ಕೆ, ಕಿರುಬೆರಳಿನ ಕಡೆಗೆ ತಿರುಚಿಕೊಳ್ಳುತ್ತದೆ. ಹೆಬ್ಬೆರಳಿನ ರಜ್ಜುಗಳು ಹಿಗ್ಗುತ್ತವೆ. ಅದರ ಮೇಲೆ ಸ್ಕೇಲ್, ಅಂದರೆ ಸ್ವರಗಳನ್ನು ಸಾಲಾಗಿ, ನುಡಿಸುವಾಗ ಹೆಬ್ಬೆರಳನ್ನು ಅಂಗೈಯ ಕೆಳಗೆ ಆಳಕ್ಕೆ ತೂರಿಸುತ್ತೇವೆ. ಮೊಣಕೈಯನ್ನು ಪಕ್ಕೆಯಿಂದ ಒಂದಿಷ್ಟು ದೂರ ಇಡಿ. ಕೈ ಮೇಲಿನ ಸ್ವರಗಳತ್ತ ಹೋಗುವಾಗ ಇಡೀ ಮುಂಗೈ ಜೊತೆಗೆ ಸಾಗಲಿ; ಮುಂಗೈ ಹೆಬ್ಬೆರಳನ್ನು ಅದರ ಜಾಗಕ್ಕೆ ತಲುಪಿಸಬೇಕು. ಹೆಬ್ಬೆರಳನ್ನು ಅಂಗೈಯೊಳಗಿಟ್ಟು ಮುಷ್ಟಿ ಕಟ್ಟಿ, ಮುಷ್ಟಿಯನ್ನು ಮೆಲ್ಲಗೆ ಕಿರುಬೆರಳಿನ ಕಡೆಗೆ ವಾಲಿಸಿದಾಗ ಹೆಬ್ಬೆರಳಿನ ಬದಿಯ ಮಣಿಕಟ್ಟಿನಲ್ಲಿ ಚುಳಕ್ ಎಂದರೆ, ಅಲ್ಲಿನ ರಜ್ಜುಗಳ ಕವಚ ಬಾತಿರಬಹುದು. ಸ್ವಿಸ್ ಶಸ್ತ್ರವೈದ್ಯ ಫ್ರಿಟ್ಜ್ ಡಿ ಕರ್ವೇನ್ 1895ರಲ್ಲಿ ವಿವರಿಸಿದ ತೊಂದರೆ ಇದು, ಇಂದಿಗೂ ಅವರ ಹೆಸರಿನಲ್ಲೇ ಇದೆ. ಕೂಸನ್ನು ಎತ್ತಿ ಎತ್ತಿ ತಾಯಂದಿರಿಗೂ ಇದು ಬರುತ್ತದೆ. ಮನೆಯಲ್ಲಿ ಮಾಡಿಕೊಂಡ ಈ ಪರೀಕ್ಷೆಯನ್ನೇ ನಂಬಿ ಕೂರಬೇಡಿ, ವೈದ್ಯರಿಗೆ ತೋರಿಸಿ.

ಇನ್ನು ಕೂರುವ ಎತ್ತರ. ಪಿಯಾನೊದ ಬಿಳಿ ಕೀಗಳು ನೆಲದಿಂದ ಸುಮಾರು 73 ಸೆಂಟಿಮೀಟರ್ ಮೇಲಿರುತ್ತವೆ. ಮುಂಬೈ, ಪುಣೆಯ ಫ್ಲ್ಯಾಟ್‌ಗಳಲ್ಲಿ ಜಾಗ ಸಾಲದೆ ಡಿಜಿಟಲ್ ಪಿಯಾನೊ ಊಟದ ಮೇಜಿನ ಮೇಲೆ ಕೂರುತ್ತದೆ. ಮೇಜೇ 75 ಸೆಂಟಿಮೀಟರ್ ಇದ್ದರೆ ಕೀಗಳು ಅದಕ್ಕೂ ಹತ್ತು ಸೆಂಟಿಮೀಟರ್‌ನಷ್ಟು ಮೇಲೆ ಹೋಗುತ್ತವೆ. ಸಾಮಾನ್ಯ ಕುರ್ಚಿಯಲ್ಲಿ ಕುಳಿತವರ ಮೊಣಕೈ ಆಗ ಕೀಗಳಿಗಿಂತ ಕೆಳಗೆ. ಹೆಗಲು ಎತ್ತಿ, ಮಣಿಕಟ್ಟು ಜೋತುಬಿಟ್ಟು ನುಡಿಸಬೇಕಾಗುತ್ತದೆ. ಮೊಣಕೈ ಕೀಗಳ ಮಟ್ಟದಲ್ಲಿ ಅಥವಾ ಕೊಂಚ ಮೇಲೆ ಇರಲಿ. ಸರಿಯಾದ ಸ್ಟ್ಯಾಂಡ್ ಕೊಳ್ಳಿ, ಇಲ್ಲವೇ ಕುರ್ಚಿಯ ಮೇಲೆ ಗಟ್ಟಿ ದಿಂಬು ಇಟ್ಟು ಕಾಲ ಕೆಳಗೊಂದು ಮಣೆ ಹಾಕಿ.

ಅಕೌಸ್ಟಿಕ್ ಪಿಯಾನೊ ಇರುವ ಓದುಗರಿಗೆ ಒಂದು ಮಾತು. ಮುಂಬೈ, ಗೋವಾದ ಮಳೆಗಾಲದಲ್ಲಿ ಮರವೂ ಉಣ್ಣೆಯ ಫೆಲ್ಟೂ ತೇವ ಹೀರಿ ಉಬ್ಬುತ್ತವೆ. ಕೀಗಳು ಬಿಗಿಯಾಗಿ ನಿಧಾನವಾಗಿ ಮೇಲೇಳುತ್ತವೆ, ಕೆಲವು ಅಂಟಿಕೊಳ್ಳುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಕೈ ನೋಯುತ್ತಿದ್ದರೆ ಕೈಯನ್ನು ದೂರುವ ಮುಂಚೆ ಟ್ಯೂನರ್‌ರನ್ನು ಕರೆಸಿ.

ಚಿಕ್ಕ ಕೈಯವರು ಆಕ್ಟೇವ್‌ಗಳ (ಒಂದು ಸ್ವರವನ್ನೂ ಮೇಲಿನ ಸ್ಥಾಯಿಯ ಅದೇ ಸ್ವರವನ್ನೂ ಒಂದೇ ಕೈಯಲ್ಲಿ ಒಟ್ಟಿಗೆ ನುಡಿಸುವುದು) ವಿಷಯದಲ್ಲಿ ಹಟ ಮಾಡಬಾರದು. ಆಕ್ಟೇವ್ ಎಂದರೆ ಏಳು ಬಿಳಿ ಕೀಗಳ ಅಗಲ, ಹತ್ತಿರ ಹತ್ತಿರ 16.5 ಸೆಂಟಿಮೀಟರ್. ಮಹಾನ್ ವಾದಕ ಜೋಸೆಫ್ ಹಾಫ್‌ಮನ್ ಅವರ ಚಿಕ್ಕ ಕೈಗಾಗಿ ಸ್ಟೈನ್‌ವೇ ಕಂಪನಿ ಕಿರಿದಾದ ಕೀಗಳ ಪಿಯಾನೊ ಮಾಡಿಕೊಟ್ಟಿತ್ತು. ನಮಗೆ ಆ ಸೌಕರ್ಯವಿಲ್ಲ, ಆದರೆ ಹಲವು ಸ್ವರಗಳು ಒಟ್ಟಿಗೆ ಬರುವ ದೊಡ್ಡ ಕಾರ್ಡ್ ಅನ್ನು ಬಿಡಿಸಿ ನುಡಿಸಬಹುದು, ಒಳಗಿನ ಸ್ವರವೊಂದನ್ನು ಕೈಬಿಡಬಹುದು.

ಪಿಯಾನೊದ ಮುಂದೆ ಕಳೆಯುವ ಹೊತ್ತನ್ನಷ್ಟೇ ಲೆಕ್ಕ ಹಾಕಿದರೆ ಸಾಲದು. ಹಗಲೆಲ್ಲ ಕೀಬೋರ್ಡ್ ಮತ್ತು ಮೌಸ್, ಸಂಜೆ ಪುಣೆಯ ಟ್ರಾಫಿಕ್‌ನಲ್ಲಿ ಸ್ಕೂಟರ್‌ನ ಬ್ರೇಕು, ಮನೆಗೆ ಬಂದು ಚಪಾತಿ ಲಟ್ಟಿಸುವುದು, ಮಲಗುವ ಮುನ್ನ ಮೊಬೈಲ್ ಮೇಲೆ ಹೆಬ್ಬೆರಳಿನ ಓಡಾಟ. ಎಲ್ಲವೂ ಅದೇ ರಜ್ಜುಗಳ ಕೆಲಸ. ಮೊಬೈಲನ್ನು ಎಡಗೈಯಲ್ಲಿ ಹಿಡಿದು ಬಲ ತೋರುಬೆರಳಿನಿಂದ ಬಳಸಿದರೂ ಹೆಬ್ಬೆರಳಿಗೆ ಎಷ್ಟೋ ಬಿಡುವು.

ಕಸರತ್ತಿನಿಂದ ಬೆರಳುಗಳನ್ನು ಗೆಲ್ಲುತ್ತೇನೆ ಎಂದು ಹೊರಟವರಲ್ಲಿ ಜರ್ಮನ್ ಸಂಗೀತಕಾರ ರಾಬರ್ಟ್ ಶೂಮನ್ ಒಬ್ಬರು. ಯಾಂತ್ರಿಕ ಸಾಧನವೊಂದನ್ನೂ ಬಳಸಿದರು. 1832ರ ಹೊತ್ತಿಗೆ ಅವರ ಬಲಗೈ ಕೆಟ್ಟು ವಾದಕರಾಗುವ ಕನಸು ಮುಗಿಯಿತು. ನಿಜವಾದ ಕಾರಣದ ಬಗ್ಗೆ ಈಗಲೂ ಚರ್ಚೆಯಿದೆ. ಅಮೆರಿಕದ ಪಿಯಾನೊ ವಾದಕ ಲಿಯಾನ್ ಫ್ಲೈಶರ್ ಅವರ ಬಲಗೈ ಬೆರಳುಗಳು 1960ರ ದಶಕದಲ್ಲಿ ತಾವಾಗಿ ಒಳಕ್ಕೆ ಸುರುಟಿಕೊಳ್ಳತೊಡಗಿದವು. ಡಿಸ್ಟೋನಿಯಾ ಎಂಬ ಈ ನರಸಂಬಂಧಿ ತೊಂದರೆಯಲ್ಲಿ ಹೆಚ್ಚಾಗಿ ನೋವೇ ಇರುವುದಿಲ್ಲ. ಎರಡೂ ಕೈಗಳಿಂದ ಮತ್ತೆ ಸಲೀಸಾಗಿ ನುಡಿಸಲು ಅವರಿಗೆ ಮೂರು ದಶಕ ಹಿಡಿಯಿತು. ಆದ್ದರಿಂದ ಬೆರಳು ಹೇಳಿದ ಮಾತು ಕೇಳುತ್ತಿಲ್ಲ ಎನಿಸಿದರೆ, ನೋವಿಲ್ಲವಲ್ಲ ಎಂದು ಸುಮ್ಮನಿರಬೇಡಿ, ನರರೋಗ ತಜ್ಞರನ್ನು ಕಾಣಿ.

ಈಗ ನೀವು ಮಾಡಬೇಕಾದದ್ದು: ಕೆಲವು ದಿನ ಬಲಗೈಗೆ ಬಿಡುವು ಕೊಡಿ. ಎಡಗೈ ಪಾಠ ಸಾಗಲಿ, ಸ್ವರಲಿಪಿ ಕಣ್ಣಿನಿಂದ ಓದಿ ಬಾಯಲ್ಲಿ ಹಾಡಿಕೊಳ್ಳಿ. ನೋವಿನ ಮಾತ್ರೆ ನುಂಗಿ ನುಡಿಸಬೇಡಿ, ಮಾತ್ರೆ ನೋವನ್ನು ಮರೆಸುವಾಗ ಗಾಯ ಬೆಳೆಯುತ್ತಿರುತ್ತದೆ. ಎರಡು ವಾರದ ವಿಶ್ರಾಂತಿಯಲ್ಲೂ ನೋವು ಹೋಗದಿದ್ದರೆ, ರಾತ್ರಿ ಬೆರಳು ಜುಮ್ಮೆಂದು ಎಚ್ಚರವಾದರೆ, ಲೋಟ ಕೈಜಾರಿದರೆ, ಬೆರಳು ಮಡಚಿದಲ್ಲೇ ಸಿಕ್ಕಿಕೊಂಡರೆ ಮೂಳೆ ತಜ್ಞರ ಬಳಿ ಹೋಗಿ. ಹೆಬ್ಬೆರಳಿನಿಂದ ನಡುಬೆರಳಿನವರೆಗೆ ಮರಗಟ್ಟುವುದಕ್ಕೆ ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ಬಸಿರು ಕೂಡ ಕಾರಣವಾಗಬಹುದು.

ಮರಳಿ ಶುರುಮಾಡುವಾಗ ಐದು ನಿಮಿಷದ ಚಿಕ್ಕ ಕಂತುಗಳು, ನಡುವೆ ಬಿಡುವು. ಮರುದಿನ ಬೆಳಿಗ್ಗೆ ಕೈ ಹೇಗಿದೆ ನೋಡಿ ಹೆಚ್ಚಿಸಿ. ನೋವಿದ್ದರೆ ಹಿಂದಿನ ಹೆಜ್ಜೆಗೆ ಮರಳಿ. ಗ್ರೇಡ್ ಪರೀಕ್ಷೆಯನ್ನು ಮುಂದಿನ ಬಾರಿಗೆ ಇಟ್ಟುಕೊಳ್ಳಿ, ನಿಮ್ಮ ಶಿಕ್ಷಕರಿಗೆ ಇದನ್ನು ಸಂಕೋಚವಿಲ್ಲದೆ ಹೇಳಿ. ಫಿಸಿಯೊಥೆರಪಿಸ್ಟ್ ಬಳಿ ಹೋಗುವ ಮುನ್ನ, ನೋವಾಗದಷ್ಟೇ ಹೊತ್ತು ನುಡಿಸುತ್ತಾ ಮೊಬೈಲ್‌ನಲ್ಲಿ ಎರಡು ವಿಡಿಯೊ ತೆಗೆಸಿಕೊಳ್ಳಿ: ಒಂದು ಪಕ್ಕದಿಂದ, ಮೊಣಕೈ ಮತ್ತು ಮಣಿಕಟ್ಟು ಕಾಣುವಂತೆ, ಇನ್ನೊಂದು ಮೇಲಿನಿಂದ. ಪಿಯಾನೊ ನೋಡದ ವೈದ್ಯರಿಗೂ ಆಗ ತೊಂದರೆ ಎಲ್ಲಿದೆ ಎಂದು ತಿಳಿಯುತ್ತದೆ.