ವನಸ್ನಾನಕ್ಕೆ ಹೊಳೆ ಬೇಕಿಲ್ಲ

ಶಿರಸಿ, ಯಲ್ಲಾಪುರ ಕಡೆಯ ಹೋಮ್‌ಸ್ಟೇ ಜಾಹೀರಾತುಗಳಲ್ಲಿ ಈಚೆಗೆ ‘ವನಸ್ನಾನ’ ಎಂಬ ಮಾತು ಮೇಲಿಂದ ಮೇಲೆ ಕಣ್ಣಿಗೆ ಬೀಳುತ್ತಿದೆ. ಪಕ್ಕದ ಚಿತ್ರದಲ್ಲಿ ಜಲಪಾತದ ಕೆಳಗೆ ತಲೆಯೊಡ್ಡಿ ನಿಂತ ಹುಡುಗರು. ಮೊನ್ನೆಯದಂತೂ ‘ಜೀಪಿನಲ್ಲಿ ವನಸ್ನಾನ’. ಇನ್ನು ಸುಮ್ಮನಿರಲಾಗದು.

ವನಸ್ನಾನದಲ್ಲಿ ನೀರಿಲ್ಲ. ಕಾಡಿನಲ್ಲಿ ನಿಧಾನವಾಗಿ ಹೊತ್ತು ಕಳೆಯುವ ಜಪಾನಿನ ರೂಢಿ ‘ಶಿನ್ರಿನ್ ಯೋಕು’ ಇದು. 1982ರಲ್ಲಿ ಅಲ್ಲಿನ ಅರಣ್ಯ ಇಲಾಖೆಯ ಮುಖ್ಯಸ್ಥರಾಗಿದ್ದ ತೊಮೊಹಿದೆ ಅಕಿಯಾಮಾ ಚಲಾವಣೆಗೆ ತಂದ ಪದ. ಶಿನ್ರಿನ್ ಎಂದರೆ ಕಾಡು. ಬರೆಯುವಾಗ ಮೊದಲ ಅಕ್ಷರದಲ್ಲಿ ಮೂರು ಮರ, ಎರಡನೆಯದರಲ್ಲಿ ಎರಡು ಮರ. ಯೋಕು ಎಂದರೆ ಮೀಯುವುದು. ಆ ಅಕ್ಷರದ ಒಂದು ಮಗ್ಗುಲಲ್ಲಿ ನೀರಿನ ಗುರುತು, ಇನ್ನೊಂದರಲ್ಲಿ ಕಣಿವೆ. ಹಾಗಾದರೆ ನೀರು ಬಂತಲ್ಲ ಎನ್ನಬೇಡಿ. ಬಿಸಿಲಿಗೆ ಮೈಯೊಡ್ಡುವುದಕ್ಕೂ ಅವರು ಇದೇ ಯೋಕು ಸೇರಿಸಿ ‘ನಿಕ್ಕೋಯೋಕು’ ಎನ್ನುತ್ತಾರೆ. ಕಾಡಿನ ಪದ ಹುಟ್ಟಿದ್ದು ಅದೇ ಜಾಡಿನಲ್ಲಿ.

ಸ್ನಾನವೆಂದರೆ ನೀರೇ ಎಂದು ನಾವು ಹಟ ಹಿಡಿಯುವುದು ಇನ್ನೂ ಆಶ್ಚರ್ಯ. ನಮ್ಮ ಧರ್ಮಶಾಸ್ತ್ರಗಳು ಹೇಳುವ ಸ್ನಾನಗಳಲ್ಲಿ ನೀರಿಗಿಳಿಯುವ ವಾರುಣ ಸ್ನಾನ ಒಂದು ಬಗೆ ಅಷ್ಟೇ. ಭಸ್ಮ ಬಳಿದುಕೊಂಡರೆ ಆಗ್ನೇಯ, ದನಗಳ ಗೊರಸಿನ ಧೂಳು ಮೈಗೆ ತಾಗಿದರೆ ವಾಯವ್ಯ, ಬಿಸಿಲಿರುವಾಗಲೇ ಸುರಿಯುವ ಮಳೆಗೆ ನಿಂತರೆ ದಿವ್ಯ. ಹಾಸಿಗೆ ಹಿಡಿದವರಿಗೆ ಮಂತ್ರಸ್ನಾನವಿದೆ. ಬೆಳದಿಂಗಳಲ್ಲಿ ಮಿಂದೆವು ಎಂದರೆ ಯಾರೂ ಟವೆಲ್ ಹುಡುಕುವುದಿಲ್ಲ. ಕಾಡಿನ ಗಾಳಿ, ವಾಸನೆ, ಸದ್ದು, ನೆರಳು ಮೈಗೆ ಹತ್ತುವಷ್ಟು ಹೊತ್ತು ಅಲ್ಲಿರುವುದನ್ನು ವನಸ್ನಾನ ಎನ್ನಲು ಕನ್ನಡಕ್ಕೆ ಯಾವ ಅಡ್ಡಿಯೂ ಇಲ್ಲ.

ಟ್ರೆಕ್ಕಿಂಗಿಗೂ ಇದಕ್ಕೂ ಸಂಬಂಧವಿಲ್ಲ. ಯಾಣದ ಬಂಡೆ ನೋಡಿ ಬಂದದ್ದು ಯಾಣ ನೋಡಿದ್ದೇ ಹೊರತು ವನಸ್ನಾನವಲ್ಲ. ಇಲ್ಲಿ ಮುಟ್ಟಬೇಕಾದ ಜಾಗವೇ ಇಲ್ಲ. ಫೋನು ಚೀಲದೊಳಗೆ. ನಡಿಗೆ ನಿಧಾನ, ನಡುನಡುವೆ ನಿಲ್ಲುವುದು, ಕೂರುವುದು. ಕಣ್ಣು ಮುಚ್ಚಿ ಧ್ಯಾನ ಮಾಡಬೇಕೆಂದೂ ಇಲ್ಲ. ಕಣ್ಣು ಕಿವಿ ಮೂಗು ತೆರೆದಿರಬೇಕು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಅಂಚಿನಲ್ಲಿ ಅರ್ಧ ತಾಸು ನಿಂತು ನೋಡಿ. ಮೊದಲು ಬರೀ ಹಸಿರು ಕತ್ತಲೆ. ಆಮೇಲೆ ಕಪ್ಪು ಕೆಸರಿನಿಂದ ಮೊಣಕಾಲು ಮಡಚಿದಂತೆ ಮೇಲೆದ್ದು ಮತ್ತೆ ಕೆಸರಿಗೇ ಇಳಿದ ಬೇರುಗಳು ಕಾಣತೊಡಗುತ್ತವೆ. ರಾಮಪತ್ರೆಯ ಬಳಗದ ಮರಗಳವು. ನೀರು ನಿಂತ ನೆಲದಲ್ಲಿ ಉಸಿರಾಡುವುದು ಆ ಬೇರುಗಳಿಂದ. ಜೀರುಂಡೆಯ ಸದ್ದು ಯಾವಾಗ ನಿಂತಿತೆಂಬುದೂ ತಿಳಿಯುತ್ತದೆ. ಕೆಸರಿಗೆ ಮಾತ್ರ ಇಳಿಯಬೇಡಿ, ಆ ಜೌಗು ಕಾಡು ಕಾಲ್ತುಳಿತ ತಡೆಯುವಂಥದ್ದಲ್ಲ.

‘ನಮ್ಮ ಹಿರಿಯರು ದಿನಾ ಮಾಡುತ್ತಿದ್ದದ್ದು ಇದನ್ನೇ’ ಎಂಬ ಮಾತನ್ನೂ ಒಪ್ಪಲಾರೆ. ಸೊಪ್ಪಿನ ಬೆಟ್ಟಕ್ಕೆ ಕತ್ತಿ ಹಿಡಿದು ಹೋಗಿ ಹೊರೆ ಹೊತ್ತು ಬಂದವರು ಮಾಡಿದ್ದು ದುಡಿಮೆ. ಅವರ ಕಾಡಿನ ತಿಳಿವಳಿಕೆ ದೊಡ್ಡದು, ಅದಕ್ಕೆ ಅದರದೇ ಹೆಸರಿನ ಗೌರವ ಸಲ್ಲಬೇಕು. ವನಸ್ನಾನ ಶುರುವಾದದ್ದು ಕೆಲಸದ ಒತ್ತಡದಲ್ಲಿ ಬಳಲಿದ ಪಟ್ಟಣಿಗರಿಗಾಗಿ, ಬಿಡುವಿನ ಹೊತ್ತಿಗಾಗಿ.

ಲಾಭದ ಮಾತು. ಕಾಡಿನಲ್ಲಿ ಹೀಗೆ ಹೊತ್ತು ಕಳೆದವರ ರಕ್ತದೊತ್ತಡವೂ ಒತ್ತಡದ ಹಾರ್ಮೋನು ಕಾರ್ಟಿಸಾಲೂ ಇಳಿದದ್ದನ್ನು ಜಪಾನಿನ ಸಂಶೋಧಕರು ದಾಖಲಿಸಿದ್ದಾರೆ. ಮರಗಳು ಬಿಡುವ ‘ಫೈಟಾನ್‌ಸೈಡ್’ ಎಂಬ ಆವಿಗಳು ರೋಗನಿರೋಧಕ ಕಣಗಳನ್ನು ಚುರುಕಾಗಿಸುತ್ತವೆ ಎಂಬುದು ಅಲ್ಲಿನ ವೈದ್ಯ ಸಂಶೋಧಕ ಚಿಂಗ್ ಲೀ ಅವರ ವಾದ. ಅವರ ಹೆಸರಾದ ಪ್ರಯೋಗದಲ್ಲಿದ್ದವರು ಟೋಕಿಯೊದ 12 ಗಂಡಸರು, ಮೂರು ದಿನ ಕಾಡಿನಲ್ಲಿ ಓಡಾಡಿದವರು. ಅಷ್ಟರಿಂದ ‘ಕ್ಯಾನ್ಸರ್ ವಾಸಿ’ ಎಂದು ಬೋರ್ಡು ಬರೆಯುವುದು ಅನ್ಯಾಯ. ಮನಸ್ಸು ಹಗುರಾಗುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ ಎಂದು ಹೋದವರು ಹೇಳುವುದೇ ಸಾಕಷ್ಟು ದೊಡ್ಡ ಲಾಭ.

ಜಪಾನಿನ ಪುಸ್ತಕ ಓದಿ ಇಲ್ಲಿ ತರಗೆಲೆಯ ಮೇಲೆ ಅಂಗಾತ ಮಲಗುವವರಿಗೆ ಒಂದು ಮಾತು. ಡಿಸೆಂಬರಿನಿಂದ ಮೇ ತನಕ ಸಿದ್ದಾಪುರ ಸೀಮೆಯಲ್ಲಿ ಮಂಗನ ಕಾಯಿಲೆಯ ಕಾಲ, ಅದನ್ನು ಹರಡುವ ಉಣುಗು ಇರುವುದು ಆ ತರಗೆಲೆಯಲ್ಲೇ. ಮೈತುಂಬ ಬಟ್ಟೆ ಹಾಕಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ, ನಿಂತೇ ನೋಡಿ. ಮಂಗ ಸತ್ತ ಸುದ್ದಿಯಿದ್ದರೆ ಆ ಕಾಡಿಗೆ ಹೋಗಲೇಬೇಡಿ. ಮಳೆಗಾಲದಲ್ಲಾದರೆ ಉಂಬಳ, ಅಂದರೆ ಕಾಡಿನ ಜಿಗಣೆ, ಕಚ್ಚುತ್ತದೆ, ರಕ್ತ ತುಸು ಹೋಗುತ್ತದೆ ಅಷ್ಟೇ.