ಎಸಿ ಗ್ಯಾಸಿನ ಲೆಕ್ಕ: ಭಾರತ ಏನು ಹೇಳಿತು, ಚೀನಾ ಏನು ಹೇಳಿತು, ಗಾಳಿಯಲ್ಲಿ ಏನು ಸಿಕ್ಕಿತು

ರಾಯಚೂರಿನಲ್ಲಿ ಏಪ್ರಿಲ್ ಬಂತೆಂದರೆ ಎಸಿ ಮೆಕ್ಯಾನಿಕ್‌ಗಳಿಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. "ಗ್ಯಾಸ್ ಖಾಲಿ ಆಗ್ಯಾದ್ರಿ, ತುಂಬಬೇಕು" ಎನ್ನುವ ಮಾತು ಎಲ್ಲ ಕಡೆ ಕೇಳುತ್ತದೆ. ಆದರೆ ಎಸಿ ಗ್ಯಾಸ್ ಪೆಟ್ರೋಲ್ ಥರ ಖರ್ಚಾಗುವುದಿಲ್ಲ. ಮುಚ್ಚಿದ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆ ಆಗಿದ್ದರೆ ಎಲ್ಲೋ ಲೀಕ್ ಆಗಿ ಗಾಳಿಗೆ ಸೇರಿದೆ ಎಂದೇ ಅರ್ಥ. ಹೊರಗಿನ ಯೂನಿಟ್‌ಗೆ ಅಂಟಿಸಿದ ಚೀಟಿ ನೋಡಿ. ಹಳೆಯದಾದರೆ ಆರ್-22, ಆಮೇಲಿನದಾದರೆ ಆರ್-410ಎ, ಹೊಸದಾದರೆ ಹೆಚ್ಚಾಗಿ ಆರ್-32. ಮೂರರಲ್ಲೂ ಫ್ಲೋರಿನ್ ಇದೆ. ಒಂದು ಕಿಲೋ ಆರ್-410ಎ ಹೊರಬಿದ್ದರೆ ಸುಮಾರು 2 ಟನ್ ಕಾರ್ಬನ್ ಡೈಆಕ್ಸೈಡ್ ಬಿಟ್ಟಷ್ಟು ಕೇಡು. ಆರ್-32 ಅದರ ಮೂರನೇ ಒಂದು ಭಾಗ.

ಇಂಥ ಗ್ಯಾಸ್ ಎಷ್ಟು ಗಾಳಿಗೆ ಹೋಯಿತು ಎಂದು ಭಾರತ ಮತ್ತು ಚೀನಾ ಕೊಡುವ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ಮನೆಯ ಎಸಿಗಿಂತ ಮೊದಲು ಕಣ್ಣಿಗೆ ಬೀಳುವುದು ಆರ್-22 ತಯಾರಿಸುವ ಕಾರ್ಖಾನೆ. ಅಲ್ಲಿ ಕ್ಲೋರೋಫಾರ್ಮ್‌ಗೆ ಹೈಡ್ರೋಜನ್ ಫ್ಲೋರೈಡ್ ಸೇರಿಸುತ್ತಾರೆ. ಕ್ರಿಯೆ ಒಂದು ಹೆಜ್ಜೆ ಮುಂದೆ ಹೋದ ಕಡೆ ಆರ್-22 ಬದಲು ಎಚ್‌ಎಫ್‌ಸಿ-23 ಎಂಬ ಗ್ಯಾಸ್ ಹುಟ್ಟುತ್ತದೆ. 100 ಕಿಲೋ ಆರ್-22ಗೆ ಎರಡು ಮೂರು ಕಿಲೋ. ಇಷ್ಟೇನಾ ಅನ್ನಿಸಬಹುದು. ಆದರೆ ಇದರ ಒಂದು ಕಿಲೋ 12,400 ಕಿಲೋ ಕಾರ್ಬನ್ ಡೈಆಕ್ಸೈಡ್‌ಗೆ ಸಮ. ಒಮ್ಮೆ ಬಿಟ್ಟರೆ 200 ವರ್ಷಕ್ಕೂ ಜಾಸ್ತಿ ಗಾಳಿಯಲ್ಲೇ ಇರುತ್ತದೆ. ಪರಿಹಾರ ಕಷ್ಟದ್ದೇನಲ್ಲ: ಸುಮಾರು 1,200 ಡಿಗ್ರಿ ಶಾಖದಲ್ಲಿ ಸುಟ್ಟರೆ ಹೆಚ್ಚುಕಡಿಮೆ ಪೂರ್ತಿ ನಾಶ.

ಸುಡುವುದಕ್ಕೆ ದುಡ್ಡು ಯಾರು ಕೊಡಬೇಕು ಅನ್ನೋದೇ ಜಗಳ. ಹವಾಮಾನ ಕುರಿತ ಕ್ಯೋಟೊ ಒಪ್ಪಂದದ ಕಾಲದಲ್ಲಿ ಶ್ರೀಮಂತ ದೇಶಗಳು ಕೊಟ್ಟವು: ಸುಟ್ಟಷ್ಟಕ್ಕೆ ಕಾರ್ಖಾನೆಗೆ ಕಾರ್ಬನ್ ಕ್ರೆಡಿಟ್ ಸಿಗುತ್ತಿತ್ತು, ಅದನ್ನು ಆ ದೇಶಗಳು ಕೊಳ್ಳುತ್ತಿದ್ದವು. ಜಗತ್ತಿನಲ್ಲಿ ಇಂಥ 19 ಯೋಜನೆಗಳಿದ್ದವು, ಅದರಲ್ಲಿ 11 ಚೀನಾದವು, 5 ನಮ್ಮವು. ಸುಡುವ ಖರ್ಚಿಗಿಂತ ಕೈಗೆ ಬರುವ ದುಡ್ಡೇ ಎಷ್ಟೋ ಪಟ್ಟು ಜಾಸ್ತಿ ಇತ್ತು. ಇದು ಸರಿಯಲ್ಲ ಎಂದು 2013ರಲ್ಲಿ ಯುರೋಪ್ ಆ ಕ್ರೆಡಿಟ್‌ಗಳಿಗೆ ಬಾಗಿಲು ಹಾಕಿತು. ಆಮೇಲೆ ಚೀನಾ ತನ್ನ ಕಾರ್ಖಾನೆಗಳಿಗೆ ಸಬ್ಸಿಡಿ ಕೊಟ್ಟಿತು. ಭಾರತ 2016ರ ಅಕ್ಟೋಬರ್‌ನಲ್ಲಿ, ಇಂಥ ಗ್ಯಾಸ್‌ಗಳನ್ನು ಕಡಿಮೆ ಮಾಡುವ ಒಪ್ಪಂದಕ್ಕಾಗಿ ರುವಾಂಡಾದ ಕಿಗಾಲಿಯಲ್ಲಿ ದೇಶಗಳ ಸಭೆ ನಡೆಯುತ್ತಿದ್ದ ದಿನಗಳಲ್ಲೇ, ನಿಮ್ಮ ಖರ್ಚಿನಲ್ಲೇ ಸುಡಿ ಎಂದು ಕಂಪನಿಗಳಿಗೆ ಆದೇಶ ಮಾಡಿತು. ಮಾಡಿದವರೇ ಹೊಣೆ ಹೊರಬೇಕು ಎನ್ನುವ ಈ ಆದೇಶ ನನಗೆ ಹೆಚ್ಚು ನ್ಯಾಯ ಅನ್ನಿಸುತ್ತದೆ.

ಕಾಗದದ ಮೇಲೆ ಎರಡೂ ದೇಶಗಳು ಗಾಳಿಗೆ ಬಿಡುವ ಎಚ್‌ಎಫ್‌ಸಿ-23 ಕೆಳಗಿಳಿಯಿತು. ಜಗತ್ತಿನ ಆರ್-22 ತಯಾರಿಕೆಯ ಸುಮಾರು ಮುಕ್ಕಾಲು ಪಾಲು ಆಗ ಇವೆರಡೇ ದೇಶಗಳದ್ದು. ಹಾಗಾಗಿ 2014ರಿಂದ 2017ರೊಳಗೆ ಇಡೀ ಜಗತ್ತಿನ ಎಚ್‌ಎಫ್‌ಸಿ-23 ಶೇ. 87ರಷ್ಟು ಕಡಿಮೆ ಆಗಬೇಕಿತ್ತು. 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡದ್ದು ಉಲ್ಟಾ. 2018ರಲ್ಲಿ ಗಾಳಿಗೆ ಸೇರಿದ್ದು 15,900 ಟನ್, ಅಲ್ಲಿಯವರೆಗಿನ ದಾಖಲೆ. ಕಾರ್ಬನ್ ಡೈಆಕ್ಸೈಡ್ ಲೆಕ್ಕದಲ್ಲಿ ಹತ್ತಿರಹತ್ತಿರ 20 ಕೋಟಿ ಟನ್! ವರದಿ ಮಾಡಿದಷ್ಟು ಸುಟ್ಟಿಲ್ಲ, ಇಲ್ಲವೇ ಲೆಕ್ಕಕ್ಕೆ ಬಾರದ ಆರ್-22 ತಯಾರಾಗುತ್ತಿದೆ ಎಂದರು ವಿಜ್ಞಾನಿಗಳು. ಕೊರಿಯಾದ ಜೆಜು ದ್ವೀಪದ ಗೋಸಾನ್‌ನಲ್ಲಿ ಗಾಳಿ ಅಳೆಯುವ ಕೇಂದ್ರವಿದೆ. 2015ರ ನಂತರ ಚೀನಾದ ಪೂರ್ವ ಭಾಗದಿಂದ ಬರುವ ಎಚ್‌ಎಫ್‌ಸಿ-23 ಇಳಿಯುವ ಬದಲು ಏರಿದ್ದು ಅಲ್ಲಿ ಗೊತ್ತಾಯಿತು.

ಮನೆಯ ಎಸಿ ಲೆಕ್ಕ ಬೇರೆ. 2018ರ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ವರದಿ ಪ್ರಕಾರ ಚೀನಾದಲ್ಲಿ 100 ಮನೆಗಳಲ್ಲಿ 60ಕ್ಕೆ ಎಸಿ ಇತ್ತು, ಭಾರತದಲ್ಲಿ 5ಕ್ಕೆ. ನಮ್ಮ ಕಡೆ ಇವತ್ತಿಗೂ ಕೂಲರ್‌ಗೆ ಕೊಡದಲ್ಲಿ ನೀರು ಹೊಯ್ದು ಮಲಗುವ ಮನೆಗಳೇ ಜಾಸ್ತಿ. ಕೂಲರ್‌ನಲ್ಲಿ ಈ ಗ್ಯಾಸ್ ಇಲ್ಲವೇ ಇಲ್ಲ. ಬಳ್ಳಾರಿಯ ಬಿಸಿಲಲ್ಲಿ ಎಸಿ ಬೇಡ ಎನ್ನಲು ನನಗೆ ಮನಸ್ಸಿಲ್ಲ. ಮಕ್ಕಳು, ವಯಸ್ಸಾದವರು ಇರುವ ಮನೆಗೆ ಅದು ಶೋಕಿಯಲ್ಲ.

ಕಿಗಾಲಿ ಒಪ್ಪಂದದ ಪ್ರಕಾರ ಆರ್-410ಎ, ಆರ್-32 ಥರದ ಎಚ್‌ಎಫ್‌ಸಿ ಗ್ಯಾಸ್‌ಗಳ ಬಳಕೆ ಚೀನಾದಲ್ಲಿ 2024ರಿಂದಲೇ ಏರುವಂತಿಲ್ಲ, ಭಾರತದಲ್ಲಿ 2028ರಿಂದ. ಚೀನಾ 2045ರೊಳಗೆ ಶೇ. 80 ಕಡಿತ ಮಾಡಬೇಕು, ಭಾರತ 2047ರೊಳಗೆ ಶೇ. 85. ಆಗಲೂ ಕಂಪನಿಯ ರಿಜಿಸ್ಟರ್ ಒಂದನ್ನೇ ನಂಬಿದರೆ ಸಾಲದು. ಗೋಸಾನ್‌ನಲ್ಲಿ ಮಾಡಿದ ಹಾಗೆ ನಮ್ಮ ಆರ್-22 ಕಾರ್ಖಾನೆಗಳ ಕಡೆಯ ಗಾಳಿಯನ್ನೂ ವರ್ಷವಿಡೀ ಅಳೆಯಬೇಕು, ಆ ಅಂಕಿಗಳನ್ನು ಯಾರು ಬೇಕಾದರೂ ನೋಡುವಂತಿರಬೇಕು.