ಕನಿಷ್ಠ ಎಷ್ಟು? ಬಾಲ ನ್ಯಾಯ ಕಾಯ್ದೆಯ 15ನೇ ಸೆಕ್ಷನ್‌ಗೊಂದು ಟಿಪ್ಪಣಿ

ಪುಣೆ, ಮುಂಬಯಿ ಕಡೆ ಕಾನೂನು ಓದುತ್ತಿರುವ ಕನ್ನಡದವರಿಗಾಗಿ ಇದು. 2015ರ ಬಾಲ ನ್ಯಾಯ ಕಾಯ್ದೆಯಲ್ಲಿ, ಮಕ್ಕಳ ಕೇಸು ಕೇಳುವ ಬಾಲ ನ್ಯಾಯ ಮಂಡಳಿಯಲ್ಲಿ ಯಾರಿರುತ್ತಾರೆ (ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ), 24 ಗಂಟೆಯೊಳಗೆ ಹಾಜರುಪಡಿಸಬೇಕು, ಲಾಕಪ್ಪಿಗೆ ಹಾಕುವಂತಿಲ್ಲ ಎಂಬುದೆಲ್ಲ ಒಮ್ಮೆ ಓದಿದರೆ ಹತ್ತುತ್ತದೆ. ಹತ್ತದೆ ಕಾಡುವುದು ಒಂದೇ ಪ್ರಶ್ನೆ: 16 ತುಂಬಿದ, 18 ತುಂಬದ ಹುಡುಗನನ್ನು ವಯಸ್ಕನಂತೆ ಕೋರ್ಟಿಗೆ ಕಳಿಸುವುದು ಯಾವಾಗ? 15ನೇ ಸೆಕ್ಷನ್ ಇರುವುದು ಅದಕ್ಕೇ.

ಮೊದಲು ಒಂದು ಪದದ ತಕರಾರು

ನಮ್ಮ ಕನ್ನಡದಲ್ಲಿ ಪೊಲೀಸರು ಕೂರಿಸಿ ಕೇಳಿದರೂ ವಿಚಾರಣೆ, ಮಂಡಳಿ ಕೇಳಿದರೂ ವಿಚಾರಣೆ, ಸೆಷನ್ಸ್ ಕೋರ್ಟಿನಲ್ಲಿ ಸಾಕ್ಷಿಗಳ ಪಾಟೀಸವಾಲು ನಡೆದರೂ ವಿಚಾರಣೆ. ಈ ಕಾಯ್ದೆ ನಿಂತಿರುವುದೇ ಆ ಮೂರರ ವ್ಯತ್ಯಾಸದ ಮೇಲೆ. ಈ ವಿಷಯದಲ್ಲಿ ಇಲ್ಲಿನ ಮರಾಠಿಯೇ ವಾಸಿ: ಪೊಲೀಸರದು ತಪಾಸ, ಮಂಡಳಿಯದು ಚೌಕಶಿ, ಕೋರ್ಟಿನದು ಖಟ್ಲಾ. ಖಟ್ಲೆ ಎಂಬುದು ಧಾರವಾಡ, ಬೆಳಗಾವಿಯವರಿಗೆ ಹೊಸದೇನಲ್ಲ. ಹಾಗಾಗಿ ಮುಂದೆಲ್ಲ ಮಂಡಳಿಯದನ್ನು ಚೌಕಶಿ, ವಯಸ್ಕನಂತೆ ನಡೆಯುವುದನ್ನು ಖಟ್ಲೆ ಎಂದೇ ಬರೆಯುತ್ತೇನೆ. ಇಲ್ಲಿನ ಕಾಗದಪತ್ರದಲ್ಲಿ ‘ವಿಧಿಸಂಘರ್ಷಗ್ರಸ್ತ ಬಾಲಕ’ ಎಂದು ಕಂಡರೆ ಗಾಬರಿ ಬೇಡ, ನಾವು ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು’ ಎನ್ನುವುದು ಅದನ್ನೇ.

ಘೋರ ಎಂಬುದು ಒಂದು ಅಂಕಿ

ಕಾಯ್ದೆಯಲ್ಲಿ ಅಪರಾಧಗಳಿಗೆ ಮೂರು ಡಬ್ಬಿಗಳಿವೆ: ಸಣ್ಣ, ಗಂಭೀರ, ಘೋರ. ವಯಸ್ಕನಂತೆ ಕಳಿಸುವ ಪ್ರಶ್ನೆ ಏಳುವುದು ಘೋರಕ್ಕೆ ಮಾತ್ರ. ಸಣ್ಣದಕ್ಕೆ ಅಳತೆ ಗರಿಷ್ಠ ಶಿಕ್ಷೆ, ಅದು 3 ವರ್ಷ ಮೀರಬಾರದು. ಘೋರಕ್ಕೆ ಅಳತೆ ಕನಿಷ್ಠ ಶಿಕ್ಷೆ, ಅದು 7 ವರ್ಷ ಅಥವಾ ಹೆಚ್ಚು ಇರಬೇಕು. ಎರಡಕ್ಕೂ ಸೇರದ್ದು ಗಂಭೀರ. ಒಂದು ಕಡೆ ಗರಿಷ್ಠ, ಇನ್ನೊಂದು ಕಡೆ ಕನಿಷ್ಠ; ಓದುವಾಗ ಕಣ್ಣು ಜಾರುವುದು ಇಲ್ಲೇ. ‘ಹತ್ತು ವರ್ಷದ ಕೇಸು, ಅಂದಮೇಲೆ ಘೋರ’ ಎಂದು ಬರೆದರೆ ಉತ್ತರ ಅಲ್ಲಿಗೇ ಕೆಟ್ಟಿತು. ಹತ್ತು ಎಂಬುದು ಯಾವ ತುದಿಯ ಅಂಕಿ ಎಂದು ಮೊದಲು ನೋಡಬೇಕು.

ಇದಕ್ಕೊಂದು ಸುಲಭದ ದಾರಿಯಿದೆ. ಶಿಕ್ಷೆಯ ವಾಕ್ಯದಲ್ಲಿ ‘ವರೆಗೆ’ ಎಂದಿರುವ ಭಾಗವನ್ನೆಲ್ಲ ಪೆನ್ಸಿಲ್ಲಿನಿಂದ ಹೊಡೆದುಹಾಕಿ. ‘ಕಡಿಮೆಯಿಲ್ಲದ’ ಎಂಬ ಮಾತಿನ ಪಕ್ಕ ಏನಾದರೂ ಅಂಕಿ ಉಳಿಯಿತೇ? ಉಳಿದದ್ದು 7 ಅಥವಾ ಮೇಲಾದರೆ ಘೋರ. ಏನೂ ಉಳಿಯದಿದ್ದರೆ ಕನಿಷ್ಠವೇ ಇಲ್ಲ, ಘೋರವಲ್ಲ. ‘ಜೀವಾವಧಿ ಅಥವಾ 10 ವರ್ಷದವರೆಗೆ’ ಎಂದಿದ್ದರೆ ಜೀವಾವಧಿ ನೋಡಿ ಹೆದರಬೇಡಿ. ಅದು ಛಾವಣಿ, ನಾವು ಅಳೆಯುತ್ತಿರುವುದು ನೆಲ. ಕೊಲೆಯಂತೆ ಮರಣದಂಡನೆ, ಜೀವಾವಧಿ ಎರಡೇ ಆಯ್ಕೆ ಇದ್ದರೆ ಮಾತ್ರ ನೆಲವೇ ಜೀವಾವಧಿ, ಆಗ ಘೋರವೇ.

ಈಗ ಇದನ್ನು ಪುಣೆಯ ಕೊಯ್ತಾ (ಮಚ್ಚು) ಕೇಸುಗಳ ಮೇಲಿಟ್ಟು ನೋಡಿ. ಹದಿನೇಳರ ಹುಡುಗ ಕೊಯ್ತಾ ಬೀಸಿ ಒಬ್ಬನನ್ನು ಸಾವಿನಂಚಿಗೆ ತಳ್ಳಿದ, ಆತ ಬದುಕಿದ. ಕೊಲೆ ಯತ್ನ, ಭಾರತೀಯ ನ್ಯಾಯ ಸಂಹಿತೆಯ 109. ಹತ್ತು ವರ್ಷದವರೆಗೆ, ಗಾಯವಾಗಿದ್ದರೆ ಜೀವಾವಧಿಯೂ ಆಗಬಹುದು; ಕನಿಷ್ಠ ಇಲ್ಲ. ಹಾಗಾಗಿ ಅದು ಗಂಭೀರ, ಘೋರವಲ್ಲ. ಅದೇ ಹುಡುಗ ಅದೇ ಕೊಯ್ತಾ ತೋರಿಸಿ ಮೊಬೈಲ್ ದೋಚಿದರೆ 311ನೇ ಸೆಕ್ಷನ್ ಬರುತ್ತದೆ, ಮಾರಕಾಸ್ತ್ರ ಬಳಸಿ ದರೋಡೆಗೆ 7 ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆ. ಸರಿಯಾಗಿ ಏಳು, ಹಾಗಾಗಿ ಘೋರ. ಗೋವಾದ ಕಡಲತಡಿಯಲ್ಲಿ ಯಾರದೋ ಚೀಲ ಹೊತ್ತ ಹುಡುಗನ ಬಳಿ 1 ಕಿಲೋಗಿಂತ ಹೆಚ್ಚು ಚರಸ್ ಸಿಕ್ಕರೆ ಮಾದಕವಸ್ತು ಕಾಯ್ದೆಯಲ್ಲಿ ಅದು ವಾಣಿಜ್ಯ ಪ್ರಮಾಣ, ಕನಿಷ್ಠ 10 ವರ್ಷ, ಅದೂ ಘೋರ. ಮಹಾರಾಷ್ಟ್ರದ ಸಂಘಟಿತ ಅಪರಾಧ ತಡೆ ಕಾಯ್ದೆ ಮಕೋಕಾದ ಹೆಸರು ಕೇಳಿದರೆ ಎಲ್ಲರೂ ಘೋರ ಎಂದೇ ಬರೆಯುತ್ತಾರೆ. ಆದರೆ ಸಾವು ಆಗಿರದ ಸಂಘಟಿತ ಅಪರಾಧಕ್ಕೆ ಅಲ್ಲಿ ಕನಿಷ್ಠ 5 ವರ್ಷ, ಏಳಕ್ಕೆ ಮುಟ್ಟುವುದಿಲ್ಲ.

ಕತ್ತಿಯೇಟಿಗಿಂತ ಚೀಲ ಹೊತ್ತದ್ದು ದೊಡ್ಡದೇ ಎಂದು ಕೇಳಬಹುದು, ಕೇಳಲೇಬೇಕು. ಕನಿಷ್ಠ ಶಿಕ್ಷೆ ಎಂಬುದು ನ್ಯಾಯಾಧೀಶರ ಕೈ ಕಟ್ಟಲು ಹುಟ್ಟಿದ ಅಂಕಿ. ಮಗುವಿನ ಮನಸ್ಸಿಗೂ ಅದಕ್ಕೂ ಸಂಬಂಧವಿಲ್ಲ, ಅಳತೆ ಒರಟು. ಆದರೂ ಊರಿನ ಸಿಟ್ಟು ಏರಿದ ದಿನ ಡಬ್ಬಿ ಬದಲಾಗದಂತೆ ಈ ಒರಟು ಬೇಲಿಯೇ ಕಾಯುತ್ತದೆ ಎಂಬ ಕಾರಣಕ್ಕೆ ನನ್ನ ಮತ ಬೇಲಿಯ ಕಡೆಗೇ.

ಅದು ಕಾದದ್ದಕ್ಕೆ ಉದಾಹರಣೆ ಪುಣೆಯ ಕಲ್ಯಾಣಿನಗರದ್ದು. 2024ರ ಮೇ 19ರ ನಸುಕಿನಲ್ಲಿ 17ರ ಹುಡುಗ ಓಡಿಸುತ್ತಿದ್ದ ಪೋರ್ಷೆ ಕಾರು ಡಿಕ್ಕಿಯಾಗಿ ಇಬ್ಬರು ಎಂಜಿನಿಯರುಗಳು ಸತ್ತರು. ಅಂದಿಗೆ ಹಳೆಯ ದಂಡ ಸಂಹಿತೆ ಐಪಿಸಿಯೇ ಜಾರಿಯಲ್ಲಿತ್ತು, ಹಾಕಿದ್ದು ಸೆಕ್ಷನ್ 304, ಕೊಲೆಯಲ್ಲದ ನರಹತ್ಯೆ. ಅದರಲ್ಲಿ ಎರಡು ಭಾಗಗಳಿದ್ದರೂ ಯಾವುದಕ್ಕೂ ಕನಿಷ್ಠವಿಲ್ಲ. ದೆಹಲಿಯ ಇಂಥದೇ ಒಂದು ಕಾರು ಪ್ರಕರಣದಲ್ಲಿ, ಶಿಲ್ಪಾ ಮಿತ್ತಲ್ ತೀರ್ಪಿನಲ್ಲಿ, ಸುಪ್ರೀಂ ಕೋರ್ಟು 2020ರ ಜನವರಿಯಲ್ಲಿ ಹೇಳಿದ್ದು ಇದನ್ನೇ: ಗರಿಷ್ಠ 7 ಮೀರಿದ, ಕನಿಷ್ಠ ಇಲ್ಲದ ಅಪರಾಧ ಘೋರವಲ್ಲ, ಗಂಭೀರ. 2021ರ ತಿದ್ದುಪಡಿ ಆ ಮಾತನ್ನು ಕಾಯ್ದೆಯೊಳಗೇ ಸೇರಿಸಿತು, ಜಾರಿಗೆ ಬಂದದ್ದು 2022ರ ಸೆಪ್ಟೆಂಬರ್ 1ರಂದು. ಪುಣೆಯ ಮಂಡಳಿ 2025ರ ಜುಲೈಯಲ್ಲಿ ವಯಸ್ಕನಂತೆ ನಡೆಸಬೇಕೆಂಬ ಪೊಲೀಸರ ಅರ್ಜಿಯನ್ನು ತಳ್ಳಿಹಾಕಿತು. ಹೊಸ ಸಂಹಿತೆಯಲ್ಲಿ ಅದೇ ಅಪರಾಧದ 105ರಲ್ಲಿ ಮೊದಲ ಭಾಗಕ್ಕೆ ಕನಿಷ್ಠ 5 ವರ್ಷ ಬಂದಿದೆ. ಐದು ಏಳಲ್ಲ, ಹಾಗಾಗಿ ಇವತ್ತು ಆದರೂ ಡಬ್ಬಿ ಅದೇ.

ಆ ಪ್ರಕರಣದಲ್ಲಿ ಹುಡುಗನಿಗೆ ಬರೆಯಲು ಹೇಳಿದ ‘300 ಪದದ ಪ್ರಬಂಧ’ ಇದಕ್ಕೆ ಸೇರಿದ್ದಲ್ಲ. ಅದು ಜಾಮೀನಿನ ಷರತ್ತು, ಅಂದರೆ 12ನೇ ಸೆಕ್ಷನ್ನಿನ ಮಾತು. ಅಲ್ಲಿ ಅಪರಾಧ ಎಷ್ಟು ದೊಡ್ಡದು ಎಂಬ ಪ್ರಶ್ನೆಯೇ ಇಲ್ಲ. ಬಿಟ್ಟರೆ ಅಪರಾಧಿಗಳ ಸಹವಾಸಕ್ಕೆ ಬೀಳುವನೇ, ಅವನಿಗೇ ಅಪಾಯವೇ, ನ್ಯಾಯದ ಉದ್ದೇಶ ಕೆಡುವುದೇ ಎಂದಷ್ಟೇ ನೋಡುತ್ತಾರೆ. ಒಮ್ಮೆ ಜಾಮೀನು ಕೊಟ್ಟು, ಅದನ್ನು ರದ್ದು ಮಾಡದೆಯೇ ವೀಕ್ಷಣಾಲಯಕ್ಕೆ ಕಳಿಸಿದ್ದು ತಪ್ಪೆಂದು ಬಾಂಬೆ ಹೈಕೋರ್ಟು 2024ರ ಜೂನ್ 25ರಂದು ಹುಡುಗನನ್ನು ಬಿಡಿಸಿತು. ಪರೀಕ್ಷೆಯಲ್ಲಿ 12 ಮತ್ತು 15ನ್ನು ಕಲಸಬೇಡಿ.

ವಯಸ್ಸು: ಎರಡು ಅಂದಿಗೆ, ಒಂದು ಇಂದಿಗೆ

16 ಮತ್ತು 18 ಎರಡನ್ನೂ ಅಳೆಯುವುದು ಅಪರಾಧ ನಡೆದ ದಿನಕ್ಕೆ. ಹಿಡಿದ ದಿನಕ್ಕಲ್ಲ, ಹಾಜರುಪಡಿಸಿದ ದಿನಕ್ಕೂ ಅಲ್ಲ. ಶಿಕ್ಷೆಯಾದವನನ್ನು ಜೈಲಿಗೆ ಕಳಿಸಬಹುದೇ ಎಂದು ನೋಡುವ 21ನ್ನು ಮಾತ್ರ ನಡೆಯುತ್ತಿರುವ ದಿನಕ್ಕೆ. ಹುಟ್ಟಿದ್ದು 2007ರ ಆಗಸ್ಟ್ 4, ಕೊಲೆ ಆದದ್ದು 2023ರ ಜುಲೈ 20 ಎಂದುಕೊಳ್ಳಿ: ಆ ದಿನ 15 ವರ್ಷ 11 ತಿಂಗಳು. ಕೊಲೆಯಾದರೂ 15ನೇ ಸೆಕ್ಷನ್ ತೆರೆಯುವುದೇ ಇಲ್ಲ. ಹೆಚ್ಚೆಂದರೆ ವಿಶೇಷ ಗೃಹದಲ್ಲಿ 3 ವರ್ಷ. ಒಂದು ತಿಂಗಳು ಕಳೆದು ಮಾಡಿದ್ದರೆ ಪ್ರಶ್ನೆಯೇ ಬೇರೆ. ದಾಖಲೆಯ ಸರದಿಯೂ ಗೊತ್ತಿರಲಿ: ಮೊದಲು ಶಾಲೆಯ ಜನ್ಮದಿನಾಂಕದ ಪತ್ರ ಅಥವಾ ಮೆಟ್ರಿಕ್ ಪ್ರಮಾಣಪತ್ರ, ಅದಿಲ್ಲದಿದ್ದರೆ ಪಾಲಿಕೆ ಅಥವಾ ಪಂಚಾಯಿತಿಯ ಜನನ ಪತ್ರ, ಎರಡೂ ಇಲ್ಲದಾಗ ಮಾತ್ರ ಮೂಳೆ ಪರೀಕ್ಷೆ. ಬಿಜಾಪುರ, ಕಲಬುರ್ಗಿಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳ ದಾಖಲೆ ಊರಿನ ಶಾಲೆಯಲ್ಲೇ ಉಳಿದಿರಬಹುದು. ಅದನ್ನು ತರಿಸದೆ ನೇರ ಮೂಳೆ ಪರೀಕ್ಷೆಗೆ ಹೋದರೆ ಸರದಿ ತಪ್ಪಿದಂತೆ.

ಪೂರ್ವಭಾವಿ ಮೌಲ್ಯಮಾಪನ

ವಯಸ್ಸು 16 ದಾಟಿತು, ಅಪರಾಧ ಘೋರ. ಆಗ ವಯಸ್ಕನಂತೆ ಕಳಿಸಬೇಕೇ ಎಂದು ತೀರ್ಮಾನಿಸಲು ಮಂಡಳಿ ನೋಡಬೇಕಾದದ್ದು: ಅದನ್ನು ಮಾಡುವ ಮಾನಸಿಕ ಶಕ್ತಿ, ದೈಹಿಕ ಶಕ್ತಿ, ಪರಿಣಾಮ ಅರಿಯುವ ಸಾಮರ್ಥ್ಯ, ನಡೆದ ಸಂದರ್ಭ. ಇದು ಖಟ್ಲೆಯಲ್ಲ ಎಂದು ಸೆಕ್ಷನ್ನೇ ಹೇಳುತ್ತದೆ. ಮಾಡಿದನೋ ಇಲ್ಲವೋ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಆದರೆ ಸಂದರ್ಭ ಕೇಳುವ ನೆಪದಲ್ಲಿ ‘ಯಾಕೆ ಮಾಡಿದೆ’ ಎಂದು ಕೇಳಿದರೆ ತಪ್ಪೊಪ್ಪಿಗೆ ವರದಿಯೊಳಗೆ ನುಸುಳುತ್ತದೆ. ವರದಿ ಓದುವಾಗ ಮೊದಲು ಹುಡುಕಬೇಕಾದ ದೋಷ ಅದು.

ಎರಡನೆಯ ದೋಷ, ಬುದ್ಧಿಮಟ್ಟದ ಅಂಕಿಯೊಂದನ್ನು ಬರೆದು ‘ಪರಿಣಾಮ ಬಲ್ಲ’ ಎಂದು ಮುಗಿಸುವುದು. ಗುರುಗ್ರಾಮದ ಶಾಲೆಯ ಕೊಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2022ರ ಜುಲೈಯಲ್ಲಿ ಇದನ್ನು ಬಿಡಿಸಿ ಹೇಳಿದೆ: ಕೃತ್ಯ ಮಾಡಬಲ್ಲ ಬುದ್ಧಿ ಬೇರೆ, ಪರಿಣಾಮ ಅರಿಯುವ ಸಾಮರ್ಥ್ಯ ಬೇರೆ. ಪರಿಣಾಮ ಎಂದರೆ ಸತ್ತವನಿಗೆ ಆದದ್ದಷ್ಟೇ ಅಲ್ಲ, ಎರಡೂ ಮನೆಗಳಿಗೆ, ತನ್ನದೇ ಮುಂದಿನ ಬದುಕಿಗೆ ಆಗುವುದೂ ಸೇರುತ್ತದೆ. ಮಂಡಳಿಯಲ್ಲಿ ಮಕ್ಕಳ ಮನಃಶಾಸ್ತ್ರ ಅಥವಾ ಮನೋವೈದ್ಯದಲ್ಲಿ ಪದವಿ ಪಡೆದವರಿಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕು, ಅಲ್ಲಿ ‘ಪಡೆಯಬಹುದು’ ಎಂಬುದನ್ನು ‘ಪಡೆಯತಕ್ಕದ್ದು’ ಎಂದೇ ಓದಬೇಕು. ಇಷ್ಟಾದರೂ ತಿಂಗಳುಗಳ ನಂತರ ಕೂತು ಆ ದಿನದ ಮನಸ್ಸನ್ನು ಅಳೆಯುವ ಈ ಕೆಲಸ ಹಳೆಯ ಮಳೆಯನ್ನು ಇಂದಿನ ಕೊಡದಲ್ಲಿ ಅಳೆದಂತೆಯೇ.

ಅವಧಿ, ಮೊದಲು ಹಾಜರುಪಡಿಸಿದ ದಿನದಿಂದ 3 ತಿಂಗಳು. ದಾಟಿದರೆ ಎಲ್ಲ ರದ್ದಾಗುವುದಿಲ್ಲ. ಕರ್ನಾಟಕದಿಂದಲೇ ಹೋದ ಪ್ರಕರಣದಲ್ಲಿ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಈ ಗಡುವು ಕಡ್ಡಾಯವಲ್ಲ, ಮಾರ್ಗದರ್ಶಿ ಎಂದಿತು. ಮೇಲ್ಮನವಿಗೆ 30 ದಿನ ಎಂಬುದೂ ಅದೇ ತೀರ್ಪಿನಲ್ಲಿದೆ.

ಎರಡನೆಯ ಬಾಗಿಲು

ಮಂಡಳಿ ಕಳಿಸಿತೆಂದರೆ ಖಟ್ಲೆ ಶುರುವಾಯಿತು ಎಂದಲ್ಲ. 19ನೇ ಸೆಕ್ಷನ್ ಪ್ರಕಾರ ಮಕ್ಕಳ ನ್ಯಾಯಾಲಯ ತಾನೂ ಒಮ್ಮೆ ನೋಡಿ, ವಯಸ್ಕನಂತೆ ನಡೆಸುವ ಅಗತ್ಯವಿಲ್ಲ ಎನಿಸಿದರೆ ತಾನೇ ಚೌಕಶಿ ನಡೆಸಬಹುದು. ವಯಸ್ಕನಂತೆ ಶಿಕ್ಷೆಯಾದರೂ ಮರಣದಂಡನೆ ಇಲ್ಲ, ಬಿಡುಗಡೆಯ ದಾರಿಯೇ ಇಲ್ಲದ ಜೀವಾವಧಿಯೂ ಇಲ್ಲ. 21ರವರೆಗೆ ಜೈಲಿಲ್ಲ, ಸುರಕ್ಷಿತ ಸ್ಥಳ; ವರ್ಷಕ್ಕೊಮ್ಮೆ ಪರಿವೀಕ್ಷಣಾಧಿಕಾರಿಯ ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ವರದಿ. 21 ತುಂಬಿದಾಗ ಶಿಕ್ಷೆ ಬಾಕಿಯಿದ್ದರೆ, ಸುಧಾರಿಸಿದ್ದಾನೆಯೇ ಎಂದು ಕೋರ್ಟು ಆ ವರದಿಗಳನ್ನು ಇಟ್ಟುಕೊಂಡು ನೋಡುತ್ತದೆ. ಹೌದಾದರೆ ಷರತ್ತಿನ ಮೇಲೆ ಹೊರಗೆ, ಇಲ್ಲವಾದರೆ ಉಳಿದ ಅವಧಿಗೆ ಜೈಲು. ವರದಿಗಳೇ ಬರೆದಿಲ್ಲವಾದರೆ ಈ ಸೆಕ್ಷನ್ 20 ಕಾಗದದ ಮೇಲಷ್ಟೇ ಉಳಿಯುತ್ತದೆ. ಕೇಸಿನ ಕಡತ ಕೈಗೆ ಬಂದರೆ ಕೊನೆಯಿಂದ ತಿರುವಿ, ಆ ವಾರ್ಷಿಕ ವರದಿಗಳನ್ನು ಮೊದಲು ಎಣಿಸಿ.